ಮೂತ್ರ ಕಟ್ಟುವುದು: ಸೊಂಟದ ಶಸ್ತ್ರಚಿಕಿತ್ಸೆಯ ನಳಿಕೆ ಕ್ರಮಗಳು ಮತ್ತು ಮಲೆನಾಡಿನ ಆರೈಕೆಯ ನುಡಿ

ಕೊಪ್ಪ ತಾಲ್ಲೂಕಿನ ಬಸರೀಕಟ್ಟೆಯ ಸುತ್ತಮುತ್ತ ಮಳೆಗಾಲವೆಂದರೆ ಅಂಗಳಕ್ಕೆ ಪಾಚಿ ಹಿಡಿಯುವ ಕಾಲ. ಮನೆ, ಕೊಟ್ಟಿಗೆ, ಬಚ್ಚಲುಗಳ ನಡುವೆ ಅಡಿಕೆ ದಬ್ಬೆ ಹಾಸಿ ನಡೆದಾಡುವುದು ಮಲೆನಾಡಿನ ಹಳೆಯ ರೂಢಿ. ಜಾರಿ ಬೀಳುವ ಭಯ ಇಲ್ಲಿಯ ಬದುಕಿನ ಕ್ರಮದಲ್ಲಿಯೇ ಸೇರಿಕೊಂಡಿದೆ. ವಯಸ್ಸಾದವರು ಹೀಗೆ ಬಿದ್ದಾಗ ಸಾಮಾನ್ಯವಾಗಿ ಪೆಟ್ಟಾಗುವುದು ತೊಡೆಮೂಳೆಯ ಮೇಲ್ತುದಿಗೆ. ಆಡುನುಡಿಯಲ್ಲಿ ಇದನ್ನು ‘ಸೊಂಟ ಮುರಿಯಿತು’ ಎನ್ನಲಾಗುತ್ತದೆ.

ಮುರಿದ ಮೂಳೆಗೆ ಬಿದಿರಿನ ದಬ್ಬೆ ಕಟ್ಟಿ, ಸೊಪ್ಪಿನ ಪಟ್ಟು ಹಾಕುವ ನಾಟಿ ವೈದ್ಯ ಪರಂಪರೆ ಕರ್ನಾಟಕದ ಹಲವು ಭಾಗಗಳಲ್ಲಿ ಇದೆ. ಸುಶ್ರುತ ಸಂಹಿತೆಯು ತೊಡೆ ಮತ್ತು ಕಾಲಿನ ಮೂಳೆ ಮುರಿದವರನ್ನು ಗೂಟಗಳಿರುವ ಹಲಗೆಯ ಮೇಲೆ ಅಲುಗಾಡದಂತೆ ಮಲಗಿಸುವ ‘ಕಪಾಟಶಯನ’ವನ್ನು ವಿವರಿಸುತ್ತದೆ. ಆದರೆ ತೊಡೆಯ ಮೇಲ್ತುದಿ ಆಳವಾದ ಮಾಂಸಖಂಡಗಳ ನಡುವೆ ಇರುವುದರಿಂದ ಹೊರಗಿನ ಕಟ್ಟು ಅದನ್ನು ಹಿಡಿದು ನಿಲ್ಲಿಸಲಾರದು. ತಿಂಗಳುಗಟ್ಟಲೆ ಮಲಗಿದ ವೃದ್ಧರಿಗೆ ಬೆನ್ನುಹುಣ್ಣು, ಕಫ ಮತ್ತು ಜ್ವರ ಅಂಟಿಕೊಳ್ಳುತ್ತವೆ. ಆದ್ದರಿಂದಲೇ ಇಂದು ಶಸ್ತ್ರಚಿಕಿತ್ಸೆ ಮಾಡಿ ಬೇಗನೆ ಎಬ್ಬಿಸಿ ನಡೆಸುವುದು ಸ್ವೀಕೃತ ಕ್ರಮವಾಗಿದೆ. ಇದಕ್ಕಾಗಿ ಈ ಭಾಗದವರು ಶಿವಮೊಗ್ಗಕ್ಕೆ ಹೋಗುವುದುಂಟು. ಘಾಟಿ ಇಳಿದು ಮಣಿಪಾಲ, ಮಂಗಳೂರಿಗೆ ಹೋಗುವುದೂ ಉಂಟು.

ಶಸ್ತ್ರಚಿಕಿತ್ಸೆಯ ಬಳಿಕ ಹಲವರಿಗೆ ಎದುರಾಗುವ ತೊಡಕು ಮೂಳೆಯದಲ್ಲ, ಮೂತ್ರದ್ದು. ಬೆನ್ನಿಗೆ ಕೊಡುವ ಅರಿವಳಿಕೆಯು ಮೂತ್ರಕೋಶದ ನರಗಳನ್ನು ಕೆಲವು ಗಂಟೆಗಳ ಕಾಲ ಮಂಕಾಗಿಸುತ್ತದೆ. ನೋವು ನಿವಾರಕ ಔಷಧಗಳು, ಮಲಬದ್ಧತೆ, ಮಲಗಿದಲ್ಲೇ ವಿಸರ್ಜಿಸಬೇಕಾದ ಮುಜುಗರ ಹಾಗೂ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಊತ ಇದಕ್ಕೆ ಸೇರಿಕೊಳ್ಳುತ್ತವೆ. ಮೂತ್ರಕೋಶ ತುಂಬಿದ್ದರೂ ಮೂತ್ರ ಹೊರಬರುವುದಿಲ್ಲ. ಅತಿಯಾಗಿ ಹಿಗ್ಗಿದ ಕೋಶವು ತನ್ನ ಸಂಕೋಚನ ಶಕ್ತಿಯನ್ನು ಕಳೆದುಕೊಳ್ಳಬಹುದು.

ಇದಕ್ಕೆ ಮುಖ್ಯವಾಗಿ ಎರಡು ಕ್ರಮಗಳಿವೆ. ಮೊದಲನೆಯದು ಒಳಗೇ ಇರಿಸುವ ನಳಿಕೆ. ಅಮೆರಿಕದ ವೈದ್ಯ ಫ್ರೆಡರಿಕ್ ಫೋಲಿ 1930ರ ದಶಕದಲ್ಲಿ ರೂಪಿಸಿದ ಈ ಕ್ಯಾಥೆಟರ್‌ನ ತುದಿಯಲ್ಲಿ ಪುಟ್ಟ ಬಲೂನು ಇರುತ್ತದೆ. ಅದಕ್ಕೆ ನೀರು ತುಂಬಿದಾಗ ನಳಿಕೆ ಜಾರದೆ ಕೋಶದಲ್ಲಿ ನಿಲ್ಲುತ್ತದೆ. ಮೂತ್ರವು ಚೀಲಕ್ಕೆ ಇಳಿಯುತ್ತದೆ. ಎರಡನೆಯದು ಬೇಕಾದಾಗ ಮಾತ್ರ ಹಾಕಿ, ಕೋಶ ಖಾಲಿಯಾದ ಕೂಡಲೇ ತೆಗೆಯುವ ನಳಿಕೆ. ಇದನ್ನು ಪದೇಪದೇ ಬಳಸುವ ಸ್ವಚ್ಛ ವಿಧಾನವು ಜ್ಯಾಕ್ ಲ್ಯಾಪಿಡೀಸ್ 1972ರಲ್ಲಿ ಪ್ರಕಟಿಸಿದ ಬರಹದ ನಂತರ ಪ್ರಚಾರಕ್ಕೆ ಬಂದಿತು. ಅಲ್ಟ್ರಾಸೌಂಡ್ ಉಪಕರಣದಿಂದ ಕೋಶದಲ್ಲಿರುವ ಮೂತ್ರವನ್ನು ಅಳೆದು, ಅದು ಸುಮಾರು 400ರಿಂದ 500 ಮಿಲಿಲೀಟರ್ ಮುಟ್ಟಿದರೆ ನಳಿಕೆ ಹಾಕುವುದು ರೂಢಿ. ಗಂಡಸರಿಗೆ ಹೊರಗಿನಿಂದ ತೊಡಿಸುವ ಮೂರನೆಯ ಬಗೆಯೊಂದಿದೆ. ಅದು ತಡೆಯಲಾರದೆ ಸೋರುವ ಮೂತ್ರಕ್ಕೆ ಒದಗುತ್ತದೆಯೇ ಹೊರತು ಕಟ್ಟಿದ ಮೂತ್ರವನ್ನು ಬಿಡಿಸಲಾರದು.

ಒಳಗೇ ಇರಿಸಿದ ನಳಿಕೆ ದಾದಿಯರಿಗೂ ಮನೆಯವರಿಗೂ ಅನುಕೂಲ. ಆದರೆ ಅದು ಇದ್ದಷ್ಟು ದಿನವೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರುವ ಸಂಭವ ದಿನಕ್ಕೆ ಶೇ. 3ರಿಂದ 7ರಷ್ಟು ಏರುತ್ತದೆ. ಮಂಚಕ್ಕೆ ಕಟ್ಟಿಹಾಕಿದಂತಾಗಿ ವೃದ್ಧರು ಏಳಲು ಹಿಂಜರಿಯುತ್ತಾರೆ. ಕೆಲವರು ಬುದ್ಧಿಭ್ರಮಣೆಯಲ್ಲಿ ಅದನ್ನು ಎಳೆದುಕೊಳ್ಳುವುದೂ ಉಂಟು. ಸ್ವೀಡನ್ನಿನಲ್ಲಿ ಸೊಂಟದ ಶಸ್ತ್ರಚಿಕಿತ್ಸೆಯ 170 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವು ಎರಡೂ ಕ್ರಮಗಳನ್ನು ಹೋಲಿಸಿತು. ಸೋಂಕಿನ ಪ್ರಮಾಣದಲ್ಲಾಗಲಿ ವೆಚ್ಚದ ಫಲಿತದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಬೇಕಾದಾಗ ಮಾತ್ರ ನಳಿಕೆ ಹಾಕಿಸಿಕೊಂಡ ಗುಂಪಿನವರು ಬೇಗ ಸಹಜವಾಗಿ ಮೂತ್ರ ವಿಸರ್ಜಿಸತೊಡಗಿದರು, ಅವರಲ್ಲಿ ಶೇ. 14ರಷ್ಟು ಮಂದಿಗೆ ನಳಿಕೆಯೇ ಬೇಕಾಗಲಿಲ್ಲ. ಒಳಗಿರಿಸಿದ ನಳಿಕೆಯನ್ನೂ ಸಾಧ್ಯವಾದರೆ ಶಸ್ತ್ರಚಿಕಿತ್ಸೆಯ 24 ಗಂಟೆಗಳೊಳಗೆ ತೆಗೆಯಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2009ರ ಸೂಚಿ ಹೇಳುತ್ತದೆ. ಅಂದರೆ ಯಾವ ನಳಿಕೆ ಎಂಬುದರಷ್ಟೇ ಎಷ್ಟು ಹೊತ್ತು ಎಂಬುದೂ ಮುಖ್ಯ.

ಜಾನಪದದ ದೃಷ್ಟಿಯಿಂದ ಇಲ್ಲಿ ವಿವೇಚಿಸಬೇಕಾದುದು ‘ಮೂತ್ರ ಕಟ್ಟಿದೆ’ ಎಂಬ ನುಡಿ. ಈ ಒಂದೇ ಮಾತು ಎರಡು ಭಿನ್ನ ಸ್ಥಿತಿಗಳನ್ನು ಸೂಚಿಸುತ್ತದೆ: ದೇಹದಲ್ಲಿ ಮೂತ್ರವೇ ಸಾಕಷ್ಟು ಆಗದಿರುವುದು ಒಂದು, ಆದ ಮೂತ್ರ ಹೊರಬಾರದಿರುವುದು ಇನ್ನೊಂದು. ಬಾಳೆದಿಂಡಿನ ರಸ, ನೆಗ್ಗಿಲುಮುಳ್ಳಿನ ಕಷಾಯ, ಎಳನೀರು, ಕೊತ್ತಂಬರಿ ನೀರು ಮುಂತಾದ ಮನೆಮದ್ದುಗಳು ಮೂತ್ರ ಹೆಚ್ಚಿಸುತ್ತವೆಂಬ ನಂಬಿಕೆಯ ಮೇಲೆ ನಿಂತಿವೆ. ಮೊದಲನೆಯ ಸ್ಥಿತಿಗೆ ಈ ತರ್ಕ ಹೊಂದೀತು. ಎರಡನೆಯದರಲ್ಲಿ, ಬಾಗಿಲು ಮುಚ್ಚಿದ ಕೋಶಕ್ಕೆ ಇನ್ನಷ್ಟು ತುಂಬಿದಂತಾಗಿ ನೋವೂ ಅಪಾಯವೂ ಹೆಚ್ಚುತ್ತವೆ. ಕೆಳಹೊಟ್ಟೆ ಉಬ್ಬಿ ಬಿಗಿದಿದೆಯೇ ಎಂದು ನೋಡದೆ ಕಷಾಯ ಕುಡಿಸಬಾರದೆಂಬುದು ಇದರಿಂದ ತಿಳಿಯುತ್ತದೆ. ಹನಿಹನಿಯಾಗಿ ಸೋರುತ್ತಿದೆಯೆಂದು ಸಮಾಧಾನ ಪಡುವುದೂ ತಪ್ಪು. ತುಂಬಿ ತುಳುಕುವ ಕೋಶವೂ ಹಾಗೆಯೇ ಸೋರುತ್ತದೆ.

ಎರಡನೆಯ ಸಂಗತಿ ಸಂಕೋಚದ್ದು. ‘ಒಂದಕ್ಕೆ ಹೋಗಬೇಕು’, ‘ಬಚ್ಚಲಿಗೆ ಹೋಗಬೇಕು’ ಎಂಬ ಮರೆಮಾತುಗಳೆಲ್ಲ ಎದ್ದು ನಡೆಯಬಲ್ಲವರ ಮಾತುಗಳು. ‘ಹೋಗು’ ಎಂಬ ಕ್ರಿಯಾಪದವೇ ಮಲಗಿದವರಿಗೆ ಒದಗುವುದಿಲ್ಲ. ಸೊಸೆಯ ಮುಂದೆ ಮಾವ, ಮಗನ ಮುಂದೆ ತಾಯಿ ಏನೆಂದು ಕೇಳಬೇಕು? ಕೇಳುವುದನ್ನು ತಪ್ಪಿಸಲು ನೀರು ಕುಡಿಯುವುದನ್ನೇ ಬಿಡುವ ಹಿರಿಯರಿದ್ದಾರೆ. ಇದರಿಂದ ಮೂತ್ರ ಮಂದವಾಗಿ ಉರಿ ಮತ್ತು ಸೋಂಕಿಗೆ ಎಡೆಯಾಗುತ್ತದೆ. ನಳಿಕೆ ಹಾಗೆಯೇ ಇದ್ದರೆ ಕೇಳುವ ಅಗತ್ಯವಿಲ್ಲವಲ್ಲ ಎಂದು ಮನೆಯವರೂ ರೋಗಿಯೂ ಒಪ್ಪಿಕೊಂಡುಬಿಡುವುದರ ಹಿಂದೆ ಈ ಸಂಕೋಚವೇ ಇದೆ.

ಆದ್ದರಿಂದ ನಳಿಕೆ ಕ್ರಮಗಳ ಹೋಲಿಕೆಯು ಆಸ್ಪತ್ರೆಯ ಆವರಣದಲ್ಲಿ ಮುಗಿಯುವುದಿಲ್ಲ. ನಳಿಕೆ ಎಂದು ತೆಗೆಯುವಿರಿ ಎಂದು ವೈದ್ಯರನ್ನು ಕೇಳುವುದು, ಮನೆಗೆ ಮರಳುವ ಮುನ್ನ ರೋಗಿ ತಾನಾಗಿ ಮೂತ್ರ ಮಾಡಿದುದನ್ನು ಖಚಿತಪಡಿಸಿಕೊಳ್ಳುವುದು, ಮಂಚದ ಬಳಿ ಪಾತ್ರೆಯಿರಿಸಿ ಕೇಳುವ ಮೊದಲೇ ವಿಚಾರಿಸುವುದು ಆರೈಕೆಯ ಭಾಗಗಳಾಗಬೇಕು. ಬೀಳದಂತೆ ದಬ್ಬೆ ಹಾಸಿದ ಮಲೆನಾಡು ಬಿದ್ದವರಿಗಾಗಿ ಸಂಕೋಚವಿಲ್ಲದ ಒಂದು ಮಾತನ್ನೂ ರೂಢಿಸಿಕೊಳ್ಳಬೇಕಾಗಿದೆ.