ಮಿತಾಕ್ಷರೆಯಲ್ಲಿ ಚಿತ್ತವೈಕಲ್ಯವೂ ಅದಂಡನವೂ

ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಆಳಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿ, ಗ್ರಂಥಾಂತ್ಯದಲ್ಲಿ ಕಲ್ಯಾಣನಗರವನ್ನೂ ಅದರ ಅರಸನನ್ನೂ ಕೊಂಡಾಡಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಆ ಕಲ್ಯಾಣವೇ ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣ. 1810ರಲ್ಲಿ ಕೋಲ್‌ಬ್ರೂಕನು ಇದರ ದಾಯವಿಭಾಗ ಪ್ರಕರಣವನ್ನು ಆಂಗ್ಲಭಾಷೆಗೆ ಪರಿವರ್ತಿಸಿದಂದಿನಿಂದ ಮಿತಾಕ್ಷರೆಯೆಂದರೆ ಆಸ್ತಿಯ ಹಂಚಿಕೆಯ ಗ್ರಂಥವೆಂಬ ಭಾವನೆಯೇ ಬಲಿಯಿತು. ಆದರೆ ಬುದ್ಧಿ ಕೆಟ್ಟವನು ಮಾಡಿದ ತಪ್ಪಿಗೆ ದಂಡವುಂಟೆ, ಇಲ್ಲವೆ ಎಂಬ ಪ್ರಶ್ನೆಗೂ ಅದರಲ್ಲಿ ಉತ್ತರವಿದೆ.

ಈ ಉತ್ತರವು ದೊರೆಯುವುದು ವ್ಯವಹಾರಾಧ್ಯಾಯದ ದಂಡಪಾರುಷ್ಯ ಪ್ರಕರಣದಲ್ಲಿ. ಒಬ್ಬನು ತನಗೆ ಸಮಾನನಾದವನ ಮೈಗೆ ಬೂದಿ, ಕೆಸರು ಅಥವಾ ಧೂಳನ್ನು ಸೋಕಿಸಿದರೆ 10 ಪಣಗಳ ದಂಡ. ಉಗುಳು ಮೊದಲಾದ ಅಶುದ್ಧ ವಸ್ತುವನ್ನು ಸೋಕಿಸಿದರೆ ಅದರ ಇಮ್ಮಡಿ. ಇದನ್ನು ವಿಧಿಸಿದ ಬಳಿಕ ಸ್ಮೃತಿಕಾರನು ಮೋಹ, ಮದ ಮೊದಲಾದವುಗಳಿಂದ ಮಾಡಿದ್ದಾದರೆ ದಂಡವಿಲ್ಲವೆನ್ನುತ್ತಾನೆ. ಇಲ್ಲಿ ಮೋಹವೆಂದರೆ ಚಿತ್ತವೈಕಲ್ಯವೆಂದೂ, ಮದವೆಂದರೆ ಮದ್ಯಪಾನದಿಂದ ಉಂಟಾಗುವ ಅವಸ್ಥೆಯೆಂದೂ, ಆದಿಶಬ್ದದಿಂದ ಗ್ರಹಾವೇಶಾದಿಗಳನ್ನು ಗ್ರಹಿಸಬೇಕೆಂದೂ ವಿಜ್ಞಾನೇಶ್ವರನು ವಿವರಿಸುತ್ತಾನೆ.

ಇಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದು, ಮೂಲದಲ್ಲಿ ‘ಉನ್ಮತ್ತನಿಗೆ ದಂಡವಿಲ್ಲ’ ಎಂದು ವ್ಯಕ್ತಿಯನ್ನು ಹೆಸರಿಸದೆ ‘ಮೋಹದಿಂದ’ ಎಂದು ಕಾರಣವನ್ನು ಹೆಸರಿಸಿರುವುದು. ಈ ತೃತೀಯೆಯನ್ನು ಹೇತ್ವರ್ಥದಲ್ಲಿ ತೆಗೆದುಕೊಂಡರೆ, ವಿನಾಯಿತಿಯು ಮನುಷ್ಯನ ಹಣೆಪಟ್ಟಿಗೆ ಸಲ್ಲದೆ, ಮೋಹವೇ ಮಾಡಿಸಿದ ಕೃತ್ಯಕ್ಕೆ ಮಾತ್ರ ಸಲ್ಲುತ್ತದೆ. ಎರಡನೆಯದು, ಈ ಮಾತು ದಂಡಪಾರುಷ್ಯದಲ್ಲಿ ಬಂದಿರುವುದರಿಂದ, ಕೊಲೆ ಮೊದಲಾದ ಸಾಹಸಗಳಿಗೂ ಇದೇ ನಿಯಮವೆಂದು ಇದೊಂದರಿಂದಲೇ ಸಾಧಿಸಲಾಗದು.

ಉನ್ಮತ್ತಶಬ್ದವು ಬರುವುದು ಬೇರೆ ಎಡೆಗಳಲ್ಲಿ. ಉನ್ಮತ್ತನು ಮಾಡಿದ ವ್ಯವಹಾರವು ಸಿದ್ಧಿಸದೆಂಬಲ್ಲಿ ವ್ಯಾಖ್ಯಾನಕಾರನು ವಾತ, ಪಿತ್ತ, ಶ್ಲೇಷ್ಮ, ಸನ್ನಿಪಾತ, ಗ್ರಹಗಳಿಂದ ಹುಟ್ಟುವ ಐದು ಬಗೆಯ ಉನ್ಮಾದಗಳನ್ನು ವೈದ್ಯಶಾಸ್ತ್ರವನ್ನು ಅನುಸರಿಸಿ ಎಣಿಸುತ್ತಾನೆ. ದಾಯವಿಭಾಗದಲ್ಲಿ ಉನ್ಮತ್ತನಿಗೆ ಭಾಗವಿಲ್ಲವೆಂದರೂ ಅನ್ನವಸ್ತ್ರಗಳನ್ನಿತ್ತು ಅವನನ್ನು ಪೋಷಿಸಲೇಬೇಕೆಂಬ ವಿಧಿಯಿದೆ. ಔಷಧಾದಿಗಳಿಂದ ದೋಷವು ನೀಗಿದರೆ, ವಿಭಾಗವಾದ ಮೇಲೆಯೂ ಭಾಗವು ದೊರೆಯುವುದೆಂದು ವಿಜ್ಞಾನೇಶ್ವರನ ಮತ. ಉನ್ಮಾದವು ಗುಣವಾಗಬಲ್ಲ ರೋಗವೆಂಬ ತಿಳಿವು ಇದರಲ್ಲಿ ಸ್ಪಷ್ಟವಾಗಿದೆ. ಭಾಗವನ್ನು ತಪ್ಪಿಸುತ್ತಿದ್ದ ಆ ನಿಯಮವು 1956ರ ಹಿಂದೂ ಉತ್ತರಾಧಿಕಾರ ಶಾಸನದಿಂದ ಕೊನೆಗೊಂಡಿತು.

ಇನ್ನು ಇದೇ ನೆಲದಲ್ಲಿ ಈಗ ನಡೆಯುವ ದಂಡಶಾಸನವನ್ನು ನೋಡಬಹುದು. ಇಂಗ್ಲೆಂಡಿನಲ್ಲಿ 1843ರ ಮ್ಯಾಕ್‌ನಾಟನ್ ಪ್ರಕರಣದಿಂದ ಹುಟ್ಟಿದ ಸೂತ್ರವು 1860ರ ಭಾರತೀಯ ದಂಡಸಂಹಿತೆಯ 84ನೆಯ ಕಲಮಿನಲ್ಲಿ ನೆಲೆಗೊಂಡಿತು. ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಬಸವಕಲ್ಯಾಣ, ಹುಮನಾಬಾದುಗಳಿಗೆ ಆ ಸಂಹಿತೆಯು ಅನ್ವಯಿಸಿದ್ದು 1951ರಲ್ಲಿ. 2024ರ ಜುಲೈ 1ರಿಂದ ಆ ಕಲಮಿನ ಸ್ಥಾನದಲ್ಲಿ ಭಾರತೀಯ ನ್ಯಾಯಸಂಹಿತೆಯ 22ನೆಯ ಕಲಮು ಬಂದಿದೆ. ಕೃತ್ಯದ ಸಮಯದಲ್ಲಿ, ಮನೋವೈಕಲ್ಯದ ಕಾರಣದಿಂದ, ಆ ಕೃತ್ಯದ ಸ್ವರೂಪವನ್ನಾಗಲಿ, ಅದು ತಪ್ಪು ಅಥವಾ ಶಾಸನವಿರುದ್ಧವೆಂಬುದನ್ನಾಗಲಿ ಅರಿಯಲಾರದವನು ಮಾಡಿದುದು ಅಪರಾಧವಲ್ಲವೆಂಬುದು ಅದರ ಸಾರ. ಇದನ್ನು ತೋರಿಸುವ ಹೊಣೆ ಆರೋಪಿಯದು. ಆದರೆ ಸಂಭಾವ್ಯತೆಯ ಆಧಿಕ್ಯವಿದ್ದರೆ ಸಾಕೆಂದು 1964ರಲ್ಲಿ ಗುಜರಾತಿನ ದಹ್ಯಾಭಾಯಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು.

ಕೃತ್ಯಕ್ಕೂ ವೈಕಲ್ಯಕ್ಕೂ ಕಾರ್ಯಕಾರಣಸಂಬಂಧವಿರಬೇಕೆಂಬ ಅಂಶದಲ್ಲಿ ಸ್ಮೃತಿಯ ತೃತೀಯೆಗೂ ಕಲಮಿನ ‘ಕಾರಣದಿಂದ’ ಎಂಬ ಮಾತಿಗೂ ಸಾಮ್ಯವಿದೆ. ಇದು ಅರ್ಥಸಾಮ್ಯವಲ್ಲದೆ ವಂಶಸಂಬಂಧವಲ್ಲ. ಭೇದವೂ ಉಂಟು. ಸ್ಮೃತಿಯು ಮದವನ್ನು ಮೋಹದೊಡನೆ ಒಂದೇ ಸಮಾಸದಲ್ಲಿ ಸೇರಿಸಿದರೆ, ಇಂದಿನ ಶಾಸನದಲ್ಲಿ ಪೂರ್ಣ ವಿನಾಯಿತಿಯಿರುವುದು ತನಗೆ ತಿಳಿಯದೆ ಅಥವಾ ತನ್ನ ಇಚ್ಛೆಗೆ ವಿರುದ್ಧವಾಗಿ ಅಮಲೇರಿ ಅರಿವು ತಪ್ಪಿದವನಿಗೆ ಮಾತ್ರ.

ಆದಕಾರಣ ಕನ್ನಡದಲ್ಲಿ ಪಾಠ ಹೇಳುವವರೂ ಭಾಷಾಂತರಿಸುವವರೂ ಮೋಹ, ಮದ, ಉನ್ಮಾದಗಳನ್ನು ‘ಹುಚ್ಚು’ ಎಂಬ ಒಂದೇ ಮಾತಿನಿಂದ ತೇಲಿಸಿಬಿಡುವುದು ಉಚಿತವಲ್ಲ. ಹಾಗೆ ಮಾಡಿದರೆ, ಒಂದೆಡೆ ರೋಗಿಯು ಮಾಡಿದುದೆಲ್ಲವೂ ಕ್ಷಮ್ಯವೆಂದು ತೋರುವುದು; ಇನ್ನೊಂದೆಡೆ, ಸ್ವಸ್ಥಸ್ಥಿತಿಯಲ್ಲಿ ಅವನಾಡಿದ ಮಾತಿಗೂ ಬೆಲೆಯಿಲ್ಲದೆ ಹೋಗುವುದು. ನ್ಯಾಯಪೀಠದ ಮುಂದೆ ನಿಂತವನ ಜೀವವೂ ಸ್ವಾತಂತ್ರ್ಯವೂ ಈ ಶಬ್ದಗಳ ನಡುವಣ ಅಂತರವನ್ನು ಅವಲಂಬಿಸಿರುತ್ತವೆ. ಚಿತ್ತ ಕೆಟ್ಟಿತ್ತೆ ಎಂಬಲ್ಲಿಗೆ ನಿಲ್ಲದೆ, ಕೆಟ್ಟ ಚಿತ್ತವೇ ಆ ಕೃತ್ಯವನ್ನು ಮಾಡಿಸಿತೆ ಎಂದು ಕೇಳುವುದೇ ವಿಚಾರದ ಮಾರ್ಗವೆಂಬುದು ಆ ಒಂದು ವಿಭಕ್ತಿಪ್ರತ್ಯಯದಿಂದ ತಿಳಿದುಬರುತ್ತದೆ.