ಮಳೆಗೆ ಮುಂಚಿನ ಹಣ

ನೆರೆ ಇಳಿದ ಮೇಲೆ ಸರಕಾರ ಪರಿಹಾರ ಹಂಚುವುದನ್ನು ನಾವೆಲ್ಲರೂ ಕಂಡಿದ್ದೇವೆ. ನೆರೆಯ ಹಾವಳಿಯನ್ನು ಮೊದಲೇ ತಗ್ಗಿಸಲೆಂದು ಬೊಕ್ಕಸದಲ್ಲಿ ಬೇರೊಂದು ನಿಧಿಯೂ ಉಂಟೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಈ ಎರಡನೆಯದೇ ಹೆಚ್ಚು ಬೇಕಾದುದು.

ಮುಂಬಯಿಯ ಕಥೆಯನ್ನೇ ನೋಡೋಣ. ಇಲ್ಲಿನ ಹಳೆಯ ಮಳೆನೀರ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಯನ್ನು, ಅದೂ ಸಮುದ್ರ ಇಳಿದಿರುವಾಗ ಮಾತ್ರ, ಸಾಗಿಸಬಲ್ಲವಾಗಿದ್ದುವು. ಇವನ್ನು ಇಮ್ಮಡಿ ಮಳೆಗೆ ತಕ್ಕಂತೆ ಹಿಗ್ಗಿಸಬೇಕೆಂದು ‘ಬ್ರಿಮ್‌ಸ್ಟೋವಾಡ್’ ವರದಿಯು 1993ರಲ್ಲಿಯೇ ಸೂಚಿಸಿತ್ತು. ಅಂದಿನ ಅಂದಾಜು ಸುಮಾರು 616 ಕೋಟಿ ರೂಪಾಯಿ. ಅಷ್ಟು ಹಣವೆಲ್ಲಿ ಎಂಬ ಮಾತಿನಲ್ಲಿಯೇ ಹನ್ನೆರಡು ಮಳೆಗಾಲಗಳು ಕಳೆದುವು. 2005ರ ಜುಲೈ 26ರಂದು ಸಾಂತಾಕ್ರೂಝಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಸುರಿಯಿತು; ಮಿಠಿ ನದಿ ಮನೆಗಳೊಳಗೆ ನುಗ್ಗಿತು. ಆ ಮಳೆಯ ಅನಾಹುತಕ್ಕೆ ಮಹಾರಾಷ್ಟ್ರದಲ್ಲಿ ಸಾವಿರಕ್ಕೂ ಮಿಕ್ಕಿ ಜನ ಬಲಿಯಾದರು. ಹಿಗ್ಗಿಸಿದ ಚರಂಡಿಯೂ ಅಂದಿನ ಮಳೆಯನ್ನೆಲ್ಲ ನುಂಗುತ್ತಿರಲಿಲ್ಲ, ನಿಜ. ಆದರೂ ಎಷ್ಟೋ ಕೇರಿಗಳಲ್ಲಿ ನೀರು ಮೊಳಕಾಲಿಗೇ ನಿಲ್ಲುತ್ತಿತ್ತು. ಆ ಬಳಿಕ ಅದೇ ಯೋಜನೆಗೆ ಕೇಂದ್ರದಿಂದ ಸುಮಾರು 1,200 ಕೋಟಿ ಮಂಜೂರಾಯಿತು. ಹೆಣ ಬೀಳುವ ತನಕ ಹಣ ಇರಲಿಲ್ಲ!

ಅದೇ 2005ರಲ್ಲಿ ವಿಪತ್ತು ನಿರ್ವಹಣಾ ಕಾಯಿದೆ ಬಂದಿತು. ಪರಿಹಾರಕ್ಕೊಂದು ನಿಧಿ, ಮುಂಜಾಗ್ರತೆಯ ಕಾಮಗಾರಿಗೊಂದು ನಿಧಿ ಎಂದು ಅದರಲ್ಲಿಯೇ ಬರೆದಿತ್ತು. ಪರಿಹಾರದ ನಿಧಿ ಬೇಗನೆ ಕಣ್ದೆರೆಯಿತು. ಇನ್ನೊಂದು ರಾಷ್ಟ್ರಮಟ್ಟದಲ್ಲಿ ಹುಟ್ಟಲು 2021ನೆಯ ಇಸವಿ ಬರಬೇಕಾಯಿತು. ಹದಿನೈದನೆಯ ಹಣಕಾಸು ಆಯೋಗವು 2021–26ರ ಅವಧಿಗೆ ಮಾಡಿದ ಹಂಚಿಕೆಯಲ್ಲಿ ನೂರು ರೂಪಾಯಿಗೆ ನಲವತ್ತು ತುರ್ತು ಪರಿಹಾರಕ್ಕೆ, ಮೂವತ್ತು ಪುನರ್ನಿರ್ಮಾಣಕ್ಕೆ, ಹತ್ತು ಸಿದ್ಧತೆಗೆ, ಉಳಿದ ಇಪ್ಪತ್ತು ಹಾವಳಿ ತಗ್ಗಿಸುವ ಕಾಮಗಾರಿಗೆ. ಇಪ್ಪತ್ತು ಅಲ್ಪವೆಂದೇ ನಮ್ಮ ಅಭಿಪ್ರಾಯ. ಇದರೊಳಗೇ ಏಳು ಮಹಾನಗರಗಳ ನೆರೆ ತಡೆಗೆಂದು 2,500 ಕೋಟಿಯನ್ನು ಆಯೋಗವು ಸೂಚಿಸಿತು: ಮುಂಬಯಿ, ಚೆನ್ನೈ, ಕಲಕತ್ತೆಗಳಿಗೆ ತಲಾ 500 ಕೋಟಿ, ಬೆಂಗಳೂರು, ಹೈದರಾಬಾದು, ಅಹಮದಾಬಾದು, ಪುಣೆಗಳಿಗೆ ತಲಾ 250 ಕೋಟಿ. ಇವುಗಳಲ್ಲಿ ಚೆನ್ನೈಯ ಯೋಜನೆಗೆ ಎಲ್ಲಕ್ಕಿಂತ ಮೊದಲು ಒಪ್ಪಿಗೆ ದೊರೆಯಿತು. ಯಾವಾಗ? 2023ರ ಡಿಸೆಂಬರಿನಲ್ಲಿ, ಮಿಚಾಂಗ್ ಚಂಡಮಾರುತವು ಆ ನಗರವನ್ನು ಮುಳುಗಿಸಿದ ವಾರದಲ್ಲಿಯೇ.

ಚಾಳಿನ ಬಾಡಿಗೆದಾರರು ಅರಿತಿರಬೇಕಾದ ಸಂಗತಿಯೊಂದಿದೆ. ಅದೇ ಅವಧಿಯ ಕೇಂದ್ರದ ನಿಯಮದಂತೆ, ಮನೆ ಪೂರ್ತಿ ಬಿದ್ದಿರಬೇಕು, ಕೊಚ್ಚಿಹೋಗಿರಬೇಕು, ಇಲ್ಲವೇ ಎರಡು ದಿನಕ್ಕಿಂತ ಹೆಚ್ಚು ಕಾಲ ನೀರಿನಲ್ಲಿ ಮುಳುಗಿರಬೇಕು; ಆಗ ಒಂದು ಕುಟುಂಬಕ್ಕೆ ಬಟ್ಟೆಗೆ 2,500, ಪಾತ್ರೆಪಗಡಗಳಿಗೆ 2,500 ರೂಪಾಯಿ. ನಗರದ ನೀರೋ ಸಂಜೆ ನುಗ್ಗಿ ಬೆಳಗಾಗುವುದರೊಳಗೆ ಇಳಿಯುತ್ತದೆ. ಅಕ್ಕಿ ನೆನೆದು, ಹಾಸಿಗೆ ಕೊಳೆತು, ಮಕ್ಕಳ ಪುಸ್ತಕಗಳು ಮುದ್ದೆಯಾಗಲು ಒಂದು ರಾತ್ರಿ ಸಾಲದೆ? ಆದರೆ ಲೆಕ್ಕದ ಪುಸ್ತಕಕ್ಕೆ ಎರಡು ದಿನ ಬೇಕು! ರಾಜ್ಯ ಸರಕಾರಗಳು ತಮ್ಮ ಬೊಕ್ಕಸದಿಂದ ಹೆಚ್ಚು ಕೊಡಬಹುದು, ಕೆಲವೊಮ್ಮೆ ಕೊಟ್ಟಿವೆ. ಅದು ಅವುಗಳ ಔದಾರ್ಯಕ್ಕೆ ಬಿಟ್ಟದ್ದು.

ಆದುದರಿಂದ ನಾಲೆಯ ಹೂಳೂ ಮೋರಿಯ ಅಗಲವೂ ನಮ್ಮ ಸಂಸಾರದ ವಿಷಯಗಳೇ. ನಮ್ಮ ಕನ್ನಡ ಸಂಘಗಳು ನೆರೆ ಬಂದಾಗ ಅಕ್ಕಿ, ಬಟ್ಟೆ ಕೂಡಿಸುವುದರಲ್ಲಿ ಹಿಂದೆ ಬಿದ್ದವಲ್ಲ. ನಾಟಕ, ಸನ್ಮಾನಗಳ ಗದ್ದಲದ ನಡುವೆ ಏಪ್ರಿಲ್ ತಿಂಗಳಲ್ಲಿ ಒಂದು ದಿನ ಬಿಡುವು ಮಾಡಿಕೊಂಡು, ನಾಲ್ಕು ಜನ ಹಿರಿಯರು ವಾರ್ಡ್ ಕಚೇರಿಗೆ ಹೋಗಲಿ. ನಮ್ಮ ಕೇರಿಯ ಚರಂಡಿಗೆ ಈ ವರ್ಷ ಯಾವ ನಿಧಿಯಿಂದ ಎಷ್ಟು ಹಣ ಬಂದಿದೆ, ಕೆಲಸ ಎಂದು ಮುಗಿಯುವುದು ಎಂದು ಬರಹದಲ್ಲಿ ಕೇಳಲಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದ್ದೇ ಇದೆ. ಅದರ ಶುಲ್ಕ ಹತ್ತು ರೂಪಾಯಿ.