ಕಳಿಸಿದ ಮೇಲ್ ವಾಪಸ್ ಬಂದಾಗ

ಬೈಲಹೊಂಗಲದ ಹತ್ತಿ ವ್ಯಾಪಾರವಿರಲಿ, ರಾಮದುರ್ಗದ ಸೀರೆ ಅಂಗಡಿಯಿರಲಿ, ಸ್ವಂತ ಸರ್ವರ್‌ನಿಂದ ಕಳಿಸಿದ ಬಿಲ್ ಗಿರಾಕಿಗೆ ಮುಟ್ಟದೆ ವಾಪಸ್ ಬಂದರೆ ಮೊದಲು ನೋಡಬೇಕಾದ್ದು ಅದರಲ್ಲಿರುವ ಮೂರಂಕಿಯ ಕೋಡ್.

4ರಿಂದ ಶುರುವಾದರೆ ಅಡ್ಡಿ ತಾತ್ಕಾಲಿಕ. ಸರ್ವರ್ ತಾನೇ ಮತ್ತೆ ಯತ್ನಿಸುತ್ತದೆ. 5 ಇದ್ದರೆ ಕಾದು ಕೂತು ಫಲವಿಲ್ಲ. 550 ಎಂದರೆ ವಿಳಾಸ ತಪ್ಪಿರಬಹುದು, ಇಲ್ಲವೇ ಎದುರಿನ ಸರ್ವರ್ ಮೇಲನ್ನು ನಿರಾಕರಿಸಿರಬಹುದು.

ಕೋಡೇ ಬಾರದೆ ಮೇಲ್‌ಗಳೆಲ್ಲ ಸರದಿಯಲ್ಲೇ ಉಳಿದರೆ ಅನುಮಾನ 25ನೇ ಪೋರ್ಟ್ ಮೇಲೆ. ಸ್ಪ್ಯಾಮ್ ತಡೆಯಲು ಅನೇಕ ಇಂಟರ್ನೆಟ್ ಕಂಪನಿಗಳು ಅದನ್ನು ಮುಚ್ಚಿರುತ್ತವೆ. ಆಗ 587ನೇ ಪೋರ್ಟ್ ಮೂಲಕ ರಿಲೇ ಸೇವೆಗೆ ಒಪ್ಪಿಸುವುದು ಸುಲಭದ ದಾರಿ.

2024ರ ಫೆಬ್ರುವರಿಯಿಂದ ಜಿಮೇಲ್ ಇನ್ನಷ್ಟು ಬಿಗಿಯಾಗಿದೆ: ಕಳಿಸುವ ಡೊಮೇನ್‌ಗೆ ಎಸ್‌ಪಿಎಫ್ ಇಲ್ಲವೇ ಡಿಕೆಐಎಂ ಬೇಕೇ ಬೇಕು. ಮೊದಲನೆಯದು ಯಾವ ಐಪಿ ವಿಳಾಸದಿಂದ ಮೇಲ್ ಹೊರಡಬಹುದೆಂದು ಸಾರುವ ದಾಖಲೆ. ಎರಡನೆಯದು ಡಿಜಿಟಲ್ ಸಹಿ. ಕಿತ್ತೂರಿನಲ್ಲೋ ಸವದತ್ತಿಯಲ್ಲೋ ಇಂಟರ್ನೆಟ್ ಕನೆಕ್ಷನ್ ಬದಲಿಸಿ ಐಪಿ ಬದಲಾದರೆ ಎಸ್‌ಪಿಎಫ್ ದಾಖಲೆಯನ್ನೂ ಅಂದೇ ತಿದ್ದಬೇಕು.